ಚಿನ್ನದ ವಾಚು, ಮರದ ಮೇಜು

ಓದುಗರ ಪ್ರಶ್ನೆಗೆ ಶಿವರಾಂಪೇಟೆಯ ವಾಚ್ ಅಂಗಡಿ ಮಾವನ ಉತ್ತರ

ಹೋದ ಸಂಚಿಕೆಯಲ್ಲಿ, ಮಗಳ ಜೊತೆ ಬೆಂಗಳೂರಿನ ಆ್ಯಪಲ್ ಅಂಗಡಿ ನೋಡಿ ಬಂದೆ ಅಂತ ಎರಡೇ ಸಾಲು ಬರೆದಿದ್ದೆ. ಮಿಕ್ಕಿದ್ದೆಲ್ಲ ಗೋಡೆ ಗಡಿಯಾರದ ಪೆಂಡುಲಂ ಬಗ್ಗೆ. ಪೆಂಡುಲಂ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಂದ ಕಾಗದ, ವಾಟ್ಸಾಪ್ ಎಲ್ಲ ಆ ಎರಡು ಸಾಲಿನ ಮೇಲೆಯೇ. ಸರಿ, ಈ ಸಲ ಅದನ್ನೇ ಹಿಡಿದುಕೊಂಡಿದ್ದೇನೆ.

ಹೊಸಬರಿಗೆ ಒಂದು ಮಾತು. ನಾನು ಮಾರ್ಕೆಟಿಂಗ್ ಓದಿದವನಲ್ಲ. ಹತ್ತೊಂಬತ್ತನೇ ವಯಸ್ಸಿನಿಂದ ಮೈಸೂರಿನ ಶಿವರಾಂಪೇಟೆಯಲ್ಲಿ, ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಕೂತು ವಾಚು ರಿಪೇರಿ ಮಾಡುತ್ತಿದ್ದೇನೆ. ಈಗ ಅರವತ್ತಮೂರು. ಪಕ್ಕದ ಮೇಜಿನಲ್ಲಿ ಮಗ ಮೊಬೈಲ್ ರಿಪೇರಿ ಮಾಡುತ್ತಾನೆ. ಈ ಎರಡು ಮೇಜಿನಿಂದ ಎಷ್ಟು ಕಾಣುತ್ತೋ ಅಷ್ಟು ಹೇಳುತ್ತೇನೆ.

ಪ್ರಶ್ನೆ: ಅಂಕಲ್, ನಾನು ಎಂಬಿಎ ಓದುತ್ತಿದ್ದೇನೆ. ಕಂಪ್ಯೂಟರ್ ಮಾಡುವ ಆ್ಯಪಲ್ ಕಂಪನಿ ತನ್ನ ಅಂಗಡಿಗಳನ್ನು ನೋಡಿಕೊಳ್ಳಲು ಬಟ್ಟೆ ಕಂಪನಿಯಿಂದ ಒಬ್ಬರನ್ನು ಕರೆತಂದಿತಂತೆ. ಯಾಕೆ? ಅದರಿಂದ ಅದು ನಿಜವಾಗಲೂ ಲಕ್ಸುರಿ ಕಂಪನಿ ಆಯಿತಾ? (ವಿದ್ಯಾರ್ಥಿನಿ, ಬೋಗಾದಿ)

ಮಗಳೇ, ಮೊದಲು ಹೆಸರು, ಇಸವಿ ಬರೆದುಕೊಂಡುಬಿಡು. ಅಸೈನ್‌ಮೆಂಟಿಗೆ ಬೇಕಾಗುತ್ತೆ. ಅವರ ಹೆಸರು ಏಂಜೆಲಾ ಆರೆಂಡ್ಸ್. 2006ರಿಂದ ಲಂಡನ್ನಿನ ಬರ್ಬರಿ ಕಂಪನಿಯ ಸಿಇಒ ಆಗಿದ್ದವರು. 2014ರ ಮೇ ತಿಂಗಳಲ್ಲಿ ಆ್ಯಪಲ್ ಸೇರಿದರು. ಅಂಗಡಿ, ಆನ್‌ಲೈನ್ ಮಾರಾಟ ಎರಡೂ ಅವರ ಕೈಗೆ ಬಂತು. 2019ರ ಏಪ್ರಿಲ್‌ನಲ್ಲಿ ಬಿಟ್ಟರು. ಬಂದವರು ಅವರೊಬ್ಬರೇ ಅಲ್ಲ. ಅವರಿಗಿಂತ ಮುಂಚೆ, 2013ರಲ್ಲೇ, ಫ್ರಾನ್ಸಿನ ಈವ್ ಸಾಂ ಲೊರಾಂ ಫ್ಯಾಷನ್ ಕಂಪನಿ ನಡೆಸುತ್ತಿದ್ದ ಪಾಲ್ ಡೆನೆವ್ ಬಂದಿದ್ದರು. ಸ್ವಿಸ್ ವಾಚ್ ಕಂಪನಿ ಟ್ಯಾಗ್ ಹೊಯರ್‌ನಿಂದಲೂ ಒಬ್ಬರನ್ನು ಸೆಳೆದುಕೊಂಡರು. ಆಗಲೇ ನಮ್ಮಂಥ ವಾಚಿನವರ ಕಿವಿ ನೆಟ್ಟಗಾಗಬೇಕಿತ್ತು. 2014ರ ಸೆಪ್ಟೆಂಬರಿನಲ್ಲಿ ಆ್ಯಪಲ್ ವಾಚ್ ತೋರಿಸಿದರು. 2015ರ ಏಪ್ರಿಲ್ 24ಕ್ಕೆ ಮಾರಾಟಕ್ಕೆ ಬಿಟ್ಟರು.

ಯಾಕೆ ಅಂತ ಕೇಳಿದೆಯಲ್ಲ, ನನ್ನ ಅಂಗಡಿಗೆ ಒಂದು ಸಂಜೆ ಬಂದು ಕೂತುಕೋ, ಗೊತ್ತಾಗುತ್ತೆ. ಮಗನ ಮೇಜಿಗೆ ಬಂದವರು ಕೇಳುವುದು ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಸ್ಟೋರೇಜ್ ಎಷ್ಟು ಅಂತ. ನನ್ನ ಮೇಜಿಗೆ ಬಂದವರು ಅದೇನೂ ಕೇಳುವುದಿಲ್ಲ. ವಾಚು ಕಟ್ಟಿಕೊಳ್ಳುತ್ತಾರೆ. ಮಣಿಕಟ್ಟು ತಿರುಗಿಸುತ್ತಾರೆ. ತೋಳು ಎಳೆದು ಮುಚ್ಚಿ, ಮತ್ತೆ ತೆಗೆದು ನೋಡುತ್ತಾರೆ. ಜೊತೆಗೆ ಬಂದವರ ಮುಖ ನೋಡುತ್ತಾರೆ. ಫೋನು ಜೇಬಿನೊಳಗಿನ ಸಾಮಾನು, ವಾಚು ಮೈಮೇಲಿನ ಸಾಮಾನು. ಮೈಮೇಲಿನದನ್ನು ಮಾರುವ ವಿದ್ಯೆಯೇ ಬೇರೆ. ಅದು ಕಂಪ್ಯೂಟರ್ ಹುಡುಗರಿಗೆ ಗೊತ್ತಿಲ್ಲ, ಸೀರೆ ಅಂಗಡಿಯವರಿಗೆ ಗೊತ್ತು. ಆ್ಯಪಲ್‌ನವರು ಸೀರೆ ಅಂಗಡಿಯವರನ್ನು ಕರೆದರು ಅನ್ನು.

ಬರ್ಬರಿಯಲ್ಲಿ ಆಯಮ್ಮ ಮಾಡಿದ ಕೆಲಸವೂ ಕಾರಣ. ಆ ಕಂಪನಿಯ ಚೌಕುಳಿ ಬಟ್ಟೆಯ ಗುರುತನ್ನು ಸಿಕ್ಕಸಿಕ್ಕವರಿಗೆಲ್ಲ ಬಳಸಲು ಬಿಟ್ಟು, ಕೊನೆಗೆ ನಾಯಿಗೆ ಹೊದಿಸುವ ಬಟ್ಟೆಯ ಮೇಲೂ ಅದೇ ಚೌಕುಳಿ ಬಂದಿತ್ತು. ಇವರು ಆ ಲೈಸೆನ್ಸುಗಳನ್ನು ವಾಪಸ್ ತಗೊಂಡು, ಕಂಪನಿಗೆ ಹೆಸರು ತಂದುಕೊಟ್ಟ ಮಳೆ ಕೋಟನ್ನೇ ಮತ್ತೆ ಮುಂದಿಟ್ಟರು. ಹಳೇ ಮನೆತನದ ಮಾನ ಉಳಿಸಿದ ಸೊಸೆ ಥರ.

ಇನ್ನು ಚಿನ್ನದ ಕತೆ. ಇದು ನನ್ನ ಏರಿಯಾ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲ ಆ್ಯಪಲ್ ವಾಚಿನಲ್ಲಿ ಒಂದು ಬಗೆ 18 ಕ್ಯಾರೆಟ್ ಚಿನ್ನದ್ದು. ಹೆಸರು ಎಡಿಷನ್. ಅಮೆರಿಕದಲ್ಲಿ 10,000 ಡಾಲರಿನಿಂದ 17,000 ಡಾಲರ್‌ವರೆಗೆ ಬೆಲೆ. ಪ್ಯಾರಿಸ್‌ನ ಗ್ಯಾಲರೀ ಲಾಫಯೆತ್, ಲಂಡನ್ನಿನ ಸೆಲ್ಫ್ರಿಜಸ್, ಟೋಕಿಯೋದ ಇಸೆಟಾನ್‌ನಂಥ ಶ್ರೀಮಂತರ ಮಳಿಗೆಗಳಲ್ಲಿ ಅದಕ್ಕೆ ಪ್ರತ್ಯೇಕ ಜಾಗ ಮಾಡಿದರು. ಫ್ಯಾಷನ್ ಪತ್ರಿಕೆ ವೋಗ್‌ನಲ್ಲಿ ಪುಟಗಟ್ಟಲೆ ಜಾಹೀರಾತು ಹಾಕಿದರು. ಆದರೆ ಹೊಟ್ಟೆ ಬಗೆದರೆ ಒಳಗಿರುವುದು 349 ಡಾಲರಿನ ಅಲ್ಯೂಮಿನಿಯಂ ವಾಚಿನಲ್ಲಿರುವ ಅದೇ ಚಿಪ್. ಅದೇ ಪರದೆಯ ಸೈಜು, ಅದೇ ಸಾಫ್ಟ್‌ವೇರು.

ವಾಚಿನ ಲೋಕದಲ್ಲಿ ಹಾಗಲ್ಲ. ದುಬಾರಿ ವಾಚು ಅಂದರೆ ಒಳಗಿನ ಮೆಷಿನ್ ದುಬಾರಿ. ಚಿನ್ನ ಮೇಲಿನ ಹೊದಿಕೆ. ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಎಚ್‌ಎಂಟಿ ಜನತಾ ಇದೆ. ಕೀ ಕೊಡುವ ವಾಚು. ಯಾರೋ ರಿಪೇರಿಗೆ ಬಿಟ್ಟು ಹೋಗಿ ಮರೆತಿದ್ದಾರೆ, ಇಪ್ಪತ್ತು ವರ್ಷ ಆಯಿತು. ವರ್ಷಕ್ಕೊಂದು ಸಲ ಹಿಂದಿನ ಮುಚ್ಚಳ ಬಿಚ್ಚಿ, ಕಣ್ಣಿಗೆ ಲೂಪ್, ಅಂದರೆ ವಾಚಿನವರ ಭೂತಗನ್ನಡಿ, ಸಿಕ್ಕಿಸಿ, ಬ್ಯಾಲೆನ್ಸ್ ವೀಲ್ ಅನ್ನುವ ಪುಟ್ಟ ಚಕ್ರದ ತುದಿಗೆ ಸೂಜಿ ಮೊನೆಯಷ್ಟು ಎಣ್ಣೆ ಮುಟ್ಟಿಸುತ್ತೇನೆ. ಒಂದು ಕ್ಷಣ ಸುಮ್ಮನಿರುತ್ತೆ. ಆಮೇಲೆ ಎದೆ ಬಡಿದುಕೊಳ್ಳುವ ಹಾಗೆ ಓಡತೊಡಗುತ್ತೆ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಕಂಪನಿ ಸತ್ತರೂ ವಾಚು ಬದುಕಿದೆ. ಆ್ಯಪಲ್‌ನದ್ದು ಉಲ್ಟಾ. ಕಂಪನಿ ಕಲ್ಲುಗುಂಡಿನ ಹಾಗಿದೆ, ಆದರೆ ಆ ಮೊದಲ ವಾಚಿಗೆ 2018ರಲ್ಲಿ ಬಂದ ಹೊಸ ಸಾಫ್ಟ್‌ವೇರ್ ಕೂರಲೇ ಇಲ್ಲ. ಚಿನ್ನದ್ದಕ್ಕೂ ಅದೇ ಗತಿ. 17,000 ಡಾಲರ್ ಕೊಟ್ಟವನ ಕೈಯಲ್ಲಿ ಮೂರು ವರ್ಷಕ್ಕೆ ಹಳೇ ಮಾಲು. ಮೊಮ್ಮಗನಿಗೆ ಏನು ಕೊಡುತ್ತಾನೆ? ಕರಗಿಸಿ ಉಂಗುರ ಮಾಡಿಸಬೇಕು ಅಷ್ಟೆ.

ಕಂಪನಿಗೂ ಬೇಗ ಅರ್ಥ ಆಯಿತು ಅನ್ನಿಸುತ್ತೆ. 2016ರ ಸೆಪ್ಟೆಂಬರಿನಲ್ಲಿ ಚಿನ್ನ ಮಾಯ, ಅದರ ಜಾಗದಲ್ಲಿ ಸೆರಾಮಿಕ್ ಬಂತು. ಆಮೇಲೆ ಈಜು, ಓಟ, ಎದೆಬಡಿತ ಅಂತ ಮಾತು ಆರೋಗ್ಯದ ಕಡೆಗೆ ತಿರುಗಿತು. 2018ರಲ್ಲಿ ಇಸಿಜಿ ತೆಗೆಯುವ ವಾಚು ಬಂತು. ನಮ್ಮ ಬೀದಿಯ ಔಷಧಿ ಅಂಗಡಿಯವರೂ ಆಗ ಆ ವಾಚಿನ ಬಗ್ಗೆ ಮಾತಾಡತೊಡಗಿದರು. ಎರ್ಮೆಸ್ ಅನ್ನುವ ಫ್ರಾನ್ಸಿನ ಫ್ಯಾಷನ್ ಕಂಪನಿಯ ಪಟ್ಟಿ ಮಾತ್ರ 2015ರಲ್ಲಿ ಶುರುವಾಗಿ ಉಳಿದುಕೊಂಡಿತು. ಅದು ಸರಿಯಾದ ಲೆಕ್ಕವೇ. ವಾಚು ಬದಲಾದರೂ ಪಟ್ಟಿ ಉಳಿಯುತ್ತೆ.

ಅಂಗಡಿಗಳಲ್ಲಿ ಆರೆಂಡ್ಸ್ ಏನು ಮಾಡಿದರು ಅಂತ ನಿನ್ನ ಮೇಷ್ಟ್ರು ಕೇಳಿಯೇ ಕೇಳುತ್ತಾರೆ. 2015ರಲ್ಲಿ ವಾಚು ಬಿಟ್ಟಾಗ ಬಾಗಿಲಲ್ಲಿ ಸಾಲು ನಿಲ್ಲುವುದು ಬೇಡ, ಆನ್‌ಲೈನಿನಲ್ಲಿ ಬುಕ್ ಮಾಡಿಸಿ ಅಂತ ಸಿಬ್ಬಂದಿಗೆ ಹೇಳಿದರು. 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರ್‌ನಲ್ಲಿ ಹೊಸ ಮಾದರಿಯ ಅಂಗಡಿ ತೆರೆದರು. ಕಟ್ಟಡದ ವಿನ್ಯಾಸ ಫಾಸ್ಟರ್ ಮತ್ತು ಪಾರ್ಟ್‌ನರ್ಸ್ ಅನ್ನುವ ಆರ್ಕಿಟೆಕ್ಟ್ ಕಂಪನಿಯದು. ಒಳಗೆ ಜೀವಂತ ಮರಗಳು. ರಿಪೇರಿ ಕೌಂಟರ್ ಹೋಗಿ ಆ ಮರಗಳ ನಡುವಿನ ಜಾಗಕ್ಕೆ 'ಗ್ರೋವ್', ಅಂದರೆ ಮರದ ತೋಪು, ಅಂತ ಹೆಸರಾಯಿತು. ಅಂಗಡಿಯ ಹೆಸರಿನಲ್ಲಿ 'ಸ್ಟೋರ್' ಅನ್ನುವ ಪದವನ್ನೇ ಕಿತ್ತುಹಾಕಿದರು. ನಮ್ಮದು ಅಂಗಡಿಯಲ್ಲ, ಊರ ಚೌಕ ಅಂದರು. 2017ರಿಂದ ಫೋಟೋ, ಸಂಗೀತ, ಚಿತ್ರ ಕಲಿಸುವ ಪುಕ್ಕಟೆ ಪಾಠ ಶುರುವಾಯಿತು.

ಪಾಠ ಒಳ್ಳೆಯದು. ಚೌಕದ ಮಾತು ಕೇಳಿ ನನಗೆ ನಗು ಬಂತು. ಚೌಕ ಅಂದರೆ ನಮ್ಮ ಗಾಂಧಿ ಸ್ಕ್ವೇರ್. ಅಲ್ಲಿ ಐದು ಪೈಸೆ ಖರ್ಚು ಮಾಡದೆ ಕಡಲೆಕಾಯಿ ಸಿಪ್ಪೆ ಉಗುಳುತ್ತಾ ಸರ್ಕಾರವನ್ನು ಬೈಯಬಹುದು. ಸೆಕ್ಯುರಿಟಿ ಇರುವ ಜಾಗದಲ್ಲಿ ಯಾರನ್ನು ಬೈಯಲಿಕ್ಕೆ ಆಗುತ್ತೆ?

ಲಕ್ಸುರಿ ಕಂಪನಿ ಆಯಿತಾ ಅಂದರೆ, ಅರ್ಧ ಆಯಿತು. ಚಿನ್ನದಲ್ಲಿ ಸೋತರು, ಬೆಲೆಯಲ್ಲಿ ಗೆದ್ದರು. 2017ರಲ್ಲಿ ಐಫೋನ್ ಟೆನ್ ಬಂದಾಗ ಇಲ್ಲಿ 89,000 ರೂಪಾಯಿ. ಎಲ್ಲರೂ ಹೌಹಾರಿದೆವು. ಈಗ ಆ ಬೆಲೆ ಹೇಳಿದರೆ ಯಾರೂ ಹುಬ್ಬು ಎತ್ತುವುದಿಲ್ಲ. ನನ್ನ ತಂಗಿ ಮಗ ಇಪ್ಪತ್ನಾಲ್ಕು ಕಂತಿನಲ್ಲಿ ತಗೊಂಡಿದ್ದಾನೆ, ಸಂಬಳ ಬರೋ ದಿನ ಕಂತು ಹೋಗುತ್ತೆ. ಕೆಲವೇ ಮಂದಿಗೆ ಸಿಗುವುದು ಲಕ್ಸುರಿ ಅಂತಿದ್ದರು ಹಿಂದೆ. ಕೋಟಿಗಟ್ಟಲೆ ಜನಕ್ಕೆ ಕಂತಿನಲ್ಲಿ ಮಾರುವ ಲಕ್ಸುರಿಗೆ ಏನು ಹೆಸರು ಅಂತ ನಿನ್ನ ಮೇಷ್ಟ್ರನ್ನೇ ಕೇಳು. ಗೊತ್ತಾದರೆ ನನಗೂ ಬರಿ.

ಪ್ರಶ್ನೆ: ಮಾವ, ಮನೆಗೆ ಬರೋ ಅಳಿಯನಿಗೆ ಚಿನ್ನದ ಬಣ್ಣದ ಸ್ಮಾರ್ಟ್ ವಾಚ್ ಕೊಡಲಾ, ಕೀ ವಾಚ್ ಕೊಡಲಾ? (ಕೆ.ಆರ್. ನಗರ)

ಅಳಿಯನನ್ನೇ ಕೇಳಿ. ಕೇಳಲು ಸಂಕೋಚ ಅಂದರೆ ಕೀ ವಾಚ್. ಸ್ಮಾರ್ಟ್ ವಾಚನ್ನು ರಾತ್ರಿ ಚಾರ್ಜಿಗೆ ಹಾಕದೆ ಬೆಳಿಗ್ಗೆ ಆಫ್ ಆದಾಗಲೆಲ್ಲ ನಿಮ್ಮ ಹೆಸರು ನೆನಪಾಗುತ್ತೆ, ಅದೂ ಒಳ್ಳೇ ರೀತಿಯಲ್ಲಲ್ಲ.

ಪ್ರಶ್ನೆ: ಅಣ್ಣಾ, ಮಂಡ್ಯದ ನೂರಡಿ ರಸ್ತೆಯಲ್ಲಿ ನನ್ನದು ಮೊಬೈಲ್ ಅಂಗಡಿ. ಹೆಬ್ಬಾಳದ ಆ್ಯಪಲ್ ಅಂಗಡಿ ನೋಡಿ ಬಂದ ಮೇಲೆ ನಿದ್ದೆ ಇಲ್ಲ. ಆರು ಲಕ್ಷ ಸಾಲ ಮಾಡಿ ಗಾಜು, ತೇಗದ ಮೇಜು, ಲೈಟು ಎಲ್ಲ ಹಾಕಿಸಿ, ಚೌಕಾಸಿ ಇಲ್ಲ ಅಂತ ಬೋರ್ಡ್ ಹಾಕೋಣ ಅಂತಿದ್ದೇನೆ. ವ್ಯಾಪಾರ ಜಾಸ್ತಿ ಆಗುತ್ತಾ?

ತಮ್ಮಾ, ಸಾಲದ ಅರ್ಜಿಗೆ ಸಹಿ ಹಾಕುವ ಮುಂಚೆ ಇದನ್ನು ಪೂರ್ತಿ ಓದು.

ನಾನೂ ಹೋಗಿದ್ದೆನಲ್ಲ. ಮಾಲ್ ಆಫ್ ಏಷ್ಯಾದಲ್ಲಿರುವ ಆ ಅಂಗಡಿ ಶುರುವಾಗಿದ್ದು 2025ರ ಸೆಪ್ಟೆಂಬರ್ 2ಕ್ಕೆ. ದೇಶದಲ್ಲಿ ಮೊದಲನೆಯವು ಮುಂಬೈ ಮತ್ತು ದೆಹಲಿಯವು, 2023ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ನಮ್ಮಲ್ಲಿ ಇದ್ದದ್ದು ಬೇರೆಯವರು ನಡೆಸುವ ಅಂಗಡಿಗಳು. ಸ್ವಂತ ಅಂಗಡಿ ತೆರೆಯಬೇಕಾದರೆ ಮಾಲಿನ ಇಷ್ಟು ಪಾಲು ಇಲ್ಲೇ ಕೊಳ್ಳಬೇಕು ಅನ್ನುವ ಸರ್ಕಾರದ ನಿಯಮ ಇತ್ತು. 2019ರಲ್ಲಿ ಅದು ಸಡಿಲ ಆಯಿತು, 2020ರಲ್ಲಿ ಆನ್‌ಲೈನ್ ಅಂಗಡಿ ಬಂತು, ಆಮೇಲೆ ಇವು.

ನಾನು ಅಲ್ಲಿ ನೋಡಿದ್ದು ಗಾಜನ್ನಲ್ಲ. ಗಾಜು ನಮ್ಮ ದೇವರಾಜ ಅರಸು ರಸ್ತೆಯಲ್ಲೂ ಬೇಕಾದಷ್ಟಿದೆ. ನನ್ನ ಕಣ್ಣು ಹೋಗಿದ್ದು ಮೇಜಿನ ಮೇಲೆ. ಉದ್ದನೆಯ ಮರದ ಮೇಜು, ಸೊಂಟದ ಎತ್ತರ. ಫೋನುಗಳೆಲ್ಲ ಹೊರಗೆ, ಆನ್ ಆಗಿ, ಚಾರ್ಜ್ ಆಗಿ ಕೂತಿವೆ. ಬೀಗ ಹಾಕಿದ ಷೋಕೇಸಿನೊಳಗೆ ಅಲ್ಲ. ನನ್ನ ಮುಂದೆ ಒಂದು ಹತ್ತು ವರ್ಷದ ಹುಡುಗ ಸ್ಕೂಲ್ ಬ್ಯಾಗ್ ಹಾಕಿಕೊಂಡೇ ಐಪ್ಯಾಡಿನಲ್ಲಿ ಆನೆ ಬರೆಯುತ್ತಿದ್ದ. ಸೊಂಡಿಲು ಮುಗಿಯುವವರೆಗೆ ಯಾರೂ ಅವನನ್ನು ಏಳು ಅನ್ನಲಿಲ್ಲ. ದುಡ್ಡು ಕಟ್ಟುವ ಗಲ್ಲಾ ಎಲ್ಲಿ ಅಂತ ಹುಡುಕಿದೆ. ಇಲ್ಲ. ಮಾತಾಡಿಸಿದ ಹುಡುಗಿಯ ಕೈಯಲ್ಲೇ ಮೆಷಿನ್ನು. ಕೊಳ್ಳುವುದಿಲ್ಲ ಕಣಮ್ಮ, ಸುಮ್ನೆ ನೋಡೋಕೆ ಬಂದೆ ಅಂದೆ. ನೋಡಿ ಸಾರ್ ಅಂದಳು. ಆ ಮಾತನ್ನು ಮುಖ ಸಿಂಡರಿಸದೆ ಹೇಳುವ ಅಂಗಡಿಗಳನ್ನು ಬೆರಳಲ್ಲಿ ಎಣಿಸಬಹುದು.

ಇದನ್ನೆಲ್ಲ ಮೊದಲು ಮಾಡಿದವರು ರಾನ್ ಜಾನ್ಸನ್. ಟಾರ್ಗೆಟ್ ಅನ್ನುವ ದೊಡ್ಡ ಮಳಿಗೆಯಿಂದ 2000ನೇ ಇಸವಿಯಲ್ಲಿ ಆ್ಯಪಲ್‌ನ ಮುಖ್ಯಸ್ಥ ಸ್ಟೀವ್ ಜಾಬ್ಸ್ ಇವರನ್ನು ಕರೆದುಕೊಂಡರು. ಗ್ಯಾಪ್ ಬಟ್ಟೆ ಕಂಪನಿ ನಡೆಸುತ್ತಿದ್ದ ಮಿಕ್ಕಿ ಡ್ರೆಕ್ಸ್ಲರ್ ಆಗಲೇ ಆ್ಯಪಲ್‌ನ ಬೋರ್ಡಿನಲ್ಲಿದ್ದರು. ಅಂದರೆ ಬಟ್ಟೆಯವರ ನೆರಳು ಮೊದಲಿನಿಂದಲೂ ಇತ್ತು. ಒಂದು ಗೋಡೌನಿನಲ್ಲಿ ಗುಟ್ಟಾಗಿ ಸುಳ್ಳು ಅಂಗಡಿ ಕಟ್ಟಿ ನೋಡಿದರು. ಎಲ್ಲ ಮುಗಿಯುವ ಹೊತ್ತಿಗೆ ಜಾನ್ಸನ್‌ಗೆ ಹೊಳೆಯಿತು, ಕಂಪ್ಯೂಟರಿನ ಮಾಡೆಲ್ ಪ್ರಕಾರ ಜೋಡಿಸಿದ್ದು ತಪ್ಪು, ಜನ ಅದರಲ್ಲಿ ಮಾಡುವ ಕೆಲಸದ ಪ್ರಕಾರ ಜೋಡಿಸಬೇಕು ಅಂತ. ಜಾಬ್ಸ್ ಮೊದಲು ರೇಗಿದರು, ಆಮೇಲೆ ಒಪ್ಪಿ ಎಲ್ಲ ಕೀಳಿಸಿ ಮತ್ತೆ ಮಾಡಿಸಿದರು. 2001ರ ಮೇ 19ರಂದು ವರ್ಜೀನಿಯಾದಲ್ಲಿ ಒಂದು, ಕ್ಯಾಲಿಫೋರ್ನಿಯಾದಲ್ಲಿ ಒಂದು ಅಂಗಡಿ ತೆರೆದವು. ಇದು ನಡೆಯಲ್ಲ ಅಂತ ಪತ್ರಿಕೆಯವರು ಬರೆದರು. ನಡೆಯಿತು.

ಈಗ ನಿನಗೆ ಬೇಕಾದ ಅರ್ಧ ಕತೆ. ಇದೇ ಜಾನ್ಸನ್ 2011ರ ಕೊನೆಯಲ್ಲಿ ಜೆಸಿ ಪೆನ್ನಿ ಅನ್ನುವ ಹಳೇ ಮಳಿಗೆ ಕಂಪನಿಯ ಸಿಇಒ ಆದರು. ಮಧ್ಯಮ ವರ್ಗದ ಜನ ಬಟ್ಟೆಬರೆ, ಹಾಸಿಗೆ, ಪಾತ್ರೆ ಕೊಳ್ಳುವ ಜಾಗ. ಅಲ್ಲೂ ಇದೇ ಮಂತ್ರ ಹಾಕಿದರು. ಅಂಗಡಿಯೊಳಗೆ ಚಂದದ ಚಿಕ್ಕ ಅಂಗಡಿಗಳು, ಕೂಪನ್ ಬಂದ್, ಡಿಸ್ಕೌಂಟ್ ಸೇಲ್ ಬಂದ್, ದಿನವೂ ಒಂದೇ ಬೆಲೆ. ಜನ ಹೋಗುವುದನ್ನೇ ಬಿಟ್ಟರು. ಕೂಪನ್ ಕತ್ತರಿಸಿ ಇಟ್ಟುಕೊಂಡು ನಾನು ಇಷ್ಟು ಉಳಿಸಿದೆ ಅಂತ ಮನೆಗೆ ಬಂದು ಹೇಳುವುದರಲ್ಲಿ ಒಂದು ಸುಖ ಇತ್ತು, ಆ ಸುಖವನ್ನೇ ಕಿತ್ತುಕೊಂಡರು. 2013ರ ಏಪ್ರಿಲ್‌ನಲ್ಲಿ ಅವರನ್ನು ಮನೆಗೆ ಕಳಿಸಿದರು. ಎರಡು ವರ್ಷವೂ ತುಂಬಿರಲಿಲ್ಲ.

ಮನುಷ್ಯ ಅದೇ, ತಲೆ ಅದೇ. ಗಿರಾಕಿ ಬೇರೆ. ಆ್ಯಪಲ್‌ನವರು ಚೌಕಾಸಿ ಇಲ್ಲ ಅನ್ನಬಹುದು, ಅವರ ಸಾಮಾನು ಅವರೇ ಮಾಡುತ್ತಾರೆ. ನೀನು ಮಾರುವ ಫೋನು ವಿ.ವಿ. ರಸ್ತೆಯಲ್ಲೂ ಸಿಗುತ್ತೆ, ಪೇಟೆ ಬೀದಿಯಲ್ಲೂ ಸಿಗುತ್ತೆ, ಮಲಗಿದಲ್ಲೇ ಆನ್‌ಲೈನಿನಲ್ಲೂ ಸಿಗುತ್ತೆ. ನಿನ್ನ ಹತ್ತಿರ ಯಾಕೆ ಬರುತ್ತಾರೆ? ಕಬ್ಬಿನ ದುಡ್ಡು ಕೈಗೆ ಬಂದ ವಾರ ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬರುವ ರೈತನಿಗೆ, ಇನ್ನೂರು ರೂಪಾಯಿ ಬಿಡಿ ಸ್ವಾಮಿ ಅನ್ನುವ ಹಕ್ಕು ಬೇಕು. ನೀನು ನೂರೈವತ್ತು ಬಿಡಬೇಕು. ಜೊತೆಗೊಂದು ಹಿಂದಿನ ಕವರ್ ಪುಕ್ಕಟೆ ಹಾಕಬೇಕು. ಆ ಬೋರ್ಡ್ ಹಾಕಿದರೆ ಅವನು ಮೆಟ್ಟಿಲು ಹತ್ತುವುದಿಲ್ಲ.

ಆದರೆ ಒಂದು ಕೆಲಸ ಮಾಡು. ಆರು ಲಕ್ಷ ಬೇಡ, ಇಪ್ಪತ್ತು ಸಾವಿರದೊಳಗೆ ಆಗುತ್ತೆ. ಸಾಧಾರಣ ಮರದ ಆರಡಿ ಮೇಜು ಮಾಡಿಸು. ಜಾಸ್ತಿ ಓಡುವ ನಾಲ್ಕು ಫೋನು ವೈರು ಕಟ್ಟಿ ಅದರ ಮೇಲಿಡು, ಆನ್ ಮಾಡಿ, ಒಳಗೆ ಒಂದಷ್ಟು ಫೋಟೋ, ಹಾಡು ಹಾಕಿ. ಖಾಲಿ ಡಮ್ಮಿ ಇಡಬೇಡ. ಆಮೇಲೆ, ನಿನ್ನ ರಿಪೇರಿ ಹುಡುಗ ಎಲ್ಲಿ ಕೂರುತ್ತಾನೆ? ಎಲ್ಲ ಅಂಗಡಿಯಲ್ಲೂ ಇರುವ ಹಾಗೆ ಹಿಂದೆ, ಪರದೆ ಆಚೆ, ಅಲ್ವಾ? ಅವನನ್ನು ಮುಂದೆ ಕೂರಿಸು.

ಇದೇ ಆ್ಯಪಲ್‌ನ ಅಂಗಡಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಜಾನ್ಸನ್ ತಮ್ಮವರನ್ನು ಕೇಳಿದರಂತೆ, ನಿಮ್ಮನ್ನು ಯಾರು ಅತಿ ಚೆನ್ನಾಗಿ ನೋಡಿಕೊಂಡರು ಅಂತ. ಜಾಸ್ತಿ ಜನ ಹೇಳಿದ್ದು ಹೋಟೆಲಿನ ಹೆಸರು, ಅಂಗಡಿಯದಲ್ಲ. ಹಾಗಾಗಿ ರಿಟ್ಜ್ ಕಾರ್ಲ್‌ಟನ್ ಹೋಟೆಲಿನ ಕೌಂಟರ್ ನೋಡಿಕೊಂಡು ರಿಪೇರಿ ಮೇಜು ಮಾಡಿ, ಅದಕ್ಕೆ ಜೀನಿಯಸ್ ಬಾರ್ ಅಂತ ಹೆಸರಿಟ್ಟು, ಅಂಗಡಿಯೊಳಗೇ ಎಲ್ಲರಿಗೂ ಕಾಣುವ ಹಾಗೆ ಹಾಕಿದರು. ಕೆಟ್ಟ ಸಾಮಾನು ಹಿಡಿದುಕೊಂಡು ಬಂದವನನ್ನು ಹಿಂಬಾಗಿಲಿಗೆ ಅಟ್ಟಲಿಲ್ಲ. ನಲವತ್ತನಾಲ್ಕು ವರ್ಷ ಮೆಟ್ಟಿಲ ಕೆಳಗೆ ಕೂತವನಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ನಿನಗೆ ಗೊತ್ತಾಗಲಿಕ್ಕಿಲ್ಲ.

ಪ್ರಶ್ನೆ: ಪರದೆ ಒರೆಸುವ ಬಟ್ಟೆಗೆ 1,900 ರೂಪಾಯಿ ಇಟ್ಟಿದ್ದಾರಂತೆ, ನಿಜವಾ? (ನಿವೃತ್ತ ಶಿಕ್ಷಕರು, ಒಂಟಿಕೊಪ್ಪಲು)

ನಿಜ ಸ್ವಾಮಿ. 2021ರಲ್ಲಿ ಬಂತು. ನಾನು ಲೂಪ್ ಒರೆಸುವುದು ನಮ್ಮ ಮನೆಯವರ ಹಳೇ ನೂಲಿನ ಸೀರೆಯ ತುಂಡಿನಲ್ಲಿ. ಒಗೆದಷ್ಟೂ ಮೆತ್ತಗಾಗುತ್ತೆ.

ಪ್ರಶ್ನೆ: ಐಫೋನ್ ಈಗ ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ತಯಾರಾಗುತ್ತಲ್ಲ. ಬೆಲೆ ಇಳಿಯಬೇಕಲ್ವಾ? (ಹುಣಸೂರು)

ಇಳಿಯಲಿಲ್ಲವಲ್ಲ. ನರಸಾಪುರದ ಕಾರ್ಖಾನೆ ಮೊದಲು ತೈವಾನಿನ ವಿಸ್ಟ್ರಾನ್‌ನದು, 2023ರಲ್ಲಿ ಟಾಟಾದವರು ಕೊಂಡರು. ದೇವನಹಳ್ಳಿಯದು ಫಾಕ್ಸ್‌ಕಾನ್. ನಮ್ಮ ಹುಡುಗಿಯರಿಗೆ ಕೆಲಸ ಸಿಕ್ಕಿತು, ಅದು ದೊಡ್ಡದು. ಆದರೆ ಈ ಥರ ಸಾಮಾನಿನ ಬೆಲೆಯನ್ನು ಕೂಲಿ ಲೆಕ್ಕ ಹಾಕಿ ಇಡುವುದಿಲ್ಲ. ಗಿರಾಕಿ ಎಷ್ಟು ಕೊಡಲು ತಯಾರಿದ್ದಾನೆ ಅಂತ ನೋಡಿ ಇಡುತ್ತಾರೆ. ಶ್ರಾವಣದಲ್ಲಿ ದೇವರಾಜ ಮಾರ್ಕೆಟ್ಟಿನ ಮಲ್ಲಿಗೆ ಮೊಳಕ್ಕೆ ಬೆಲೆ ಏರುವುದು ಗಿಡ ದುಬಾರಿ ಆಗಿದ್ದಕ್ಕಾ?

ಪ್ರಶ್ನೆ: ನಮ್ಮ ಮೈಸೂರ್ ಸ್ಯಾಂಡಲ್ ಸೋಪಿನವರೂ ಲಕ್ಸುರಿ ಅಂತ ಹೊರಟಿದ್ದಾರೆ. ಸಿನಿಮಾ ನಟಿಗೆ ಕೋಟಿಗಟ್ಟಲೆ ಕೊಟ್ಟರು. ಇದು ನಮಗೆ ಬೇಕಿತ್ತಾ? (ತಿ. ನರಸೀಪುರ)

ತಾಯಿ, ನೀವು ಹೇಳುತ್ತಿರುವುದು 2025ರಲ್ಲಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿಗೆ ರಾಯಭಾರಿ ಮಾಡಿದ ವಿಷಯ. ಆಗ ಕನ್ನಡದ ನಟಿ ಸಿಗಲಿಲ್ಲವಾ ಅಂತ ಗಲಾಟೆ ಆಯಿತು. ಆ ಜಗಳಕ್ಕೆ ನಾನು ಹೋಗುವುದಿಲ್ಲ. ಲಕ್ಸುರಿ ಹೊಸದೂ ಅಲ್ಲ. 2012ರಲ್ಲೇ ಮಿಲೇನಿಯಂ ಅಂತ ಒಂದು ಸೋಪು ಬಿಟ್ಟಿದ್ದರು, 150 ಗ್ರಾಂಗೆ 720 ರೂಪಾಯಿ.

ನಮ್ಮ ಸೋಪಿಗೆ ಒಂದು ಅನುಕೂಲ ಇದೆ, ಆ್ಯಪಲ್‌ಗೆ ಇಲ್ಲದ್ದು. 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ಇಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಗಿದ್ದೇ, ಯುದ್ಧದಿಂದಾಗಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತಿದ್ದಕ್ಕೆ. ಅವತ್ತಿನ ಪರಿಮಳ ಇವತ್ತಿಗೂ ಹಳತಾಗಿಲ್ಲ. ಮೂರು ವರ್ಷಕ್ಕೊಮ್ಮೆ ಹೊಸ ಸಾಫ್ಟ್‌ವೇರ್ ಬೇಡ. ರೇಷ್ಮೆಯೂ ಹಾಗೆ. ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ 1912ರದ್ದು. ಅಲ್ಲಿನ ಷೋರೂಮಿನಲ್ಲಿ ಮರ ಬೆಳೆಸಿಲ್ಲ, ಪಾಠ ಮಾಡುವುದಿಲ್ಲ, ಬಣ್ಣ ಕೇಳಿದರೆ ಇರುವುದು ಇದೇ ಅನ್ನುತ್ತಾರೆ. ಆದರೂ ಮಾಲು ಬರುವ ದಿನ ನಮ್ಮ ಮನೆಯವರು ತಿಂಡಿ ಕೂಡ ತಿನ್ನದೆ ಹೋಗಿ ಸಾಲು ನಿಂತಿದ್ದರು. ಸೀರೆಗೊಂದು ನಂಬರ್ ಇದೆ, ಚಿನ್ನ ಬೆಳ್ಳಿಯ ಜರಿ ಇದೆ ಅನ್ನುವ ನಂಬಿಕೆ ಸಾಕು. ನನ್ನ ತಕರಾರು ಒಂದೇ. 720 ರೂಪಾಯಿಯದು ಎಷ್ಟು ಬೇಕಾದರೂ ಮಾಡಲಿ, ಮನೆಮನೆಯ ಬಚ್ಚಲಿನಲ್ಲಿರುವ ಮಾಮೂಲಿ ಸೋಪಿನ ಗಂಧ ತೆಳ್ಳಗೆ ಮಾಡದಿರಲಿ.

ಪ್ರಶ್ನೆ: ನನ್ನ ಫೋನ್ ಚಾರ್ಜ್ ಆಗುತ್ತಿಲ್ಲ. ದೊಡ್ಡ ಷೋರೂಮಿಗೆ ಕೊಡಲಾ, ಬೀದಿಯ ಅಂಗಡಿಗೆ ಕೊಡಲಾ? (ಶ್ರೀರಂಗಪಟ್ಟಣ)

ಯಾರಿಗೆ ಬೇಕಾದರೂ ಕೊಡಿ, ನಿಮ್ಮ ಕಣ್ಣ ಮುಂದೆ ಬಿಚ್ಚುವವರಿಗೆ ಕೊಡಿ.

ನನ್ನದೇ ಅನುಭವ ಹೇಳುತ್ತೇನೆ. ಹೋದ ವರ್ಷ ಮಗಳ ಫೋನ್ ಚಾರ್ಜ್ ಆಗುವುದು ನಿಂತಿತು. ಅಣ್ಣನಿಗೆ ಕೊಟ್ಟರೆ ವಾರಂಟಿ ಹೋಗುತ್ತೆ ಅಂತ ಅವಳು ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಕೊಟ್ಟಳು. ಎ.ಸಿ., ಸೋಫಾ, ಟೋಕನ್, ಕುಡಿಯಲು ನೀರು, ಎಲ್ಲ ಇತ್ತು. ಫೋನು ಒಳಗೆ ಹೋಯಿತು. ಒಂದು ಗಂಟೆ ಬಿಟ್ಟು ಒಬ್ಬ ಹುಡುಗ ಬಂದು ಬೋರ್ಡ್ ಹೋಗಿದೆ ಮೇಡಂ, 14,000 ಆಗುತ್ತೆ ಅಂದ. ಬೇಡ ಅಂತ ವಾಪಸ್ ತಂದಳು. ಅವತ್ತು ರಾತ್ರಿ ನಾನು ಲೂಪ್ ಹಾಕಿಕೊಂಡು ಚಾರ್ಜರ್ ಸಿಕ್ಕಿಸುವ ತೂತು ನೋಡಿದೆ. ಒಳಗೆ ಬೂದು ಬಣ್ಣದ ಗೋಡೆ ಥರ ಏನೋ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯ ತುದಿ ಕೆರೆದು ಸಣ್ಣ ಮಾಡಿ ಮೆಲ್ಲಗೆ ಎಬ್ಬಿಸಿದರೆ ಜೀನ್ಸ್ ಜೇಬಿನ ನೂಲು, ಅರ್ಧ ಬಟಾಣಿಯಷ್ಟು ಉಂಡೆ. ಒಂದು ವರ್ಷದಿಂದ ಚಾರ್ಜರ್ ಅದನ್ನು ಒತ್ತಿ ಒತ್ತಿ ಕಲ್ಲು ಮಾಡಿತ್ತು. ಸಿಕ್ಕಿಸಿದೆ, ಚಾರ್ಜ್ ಆಯಿತು. ಆ ಹುಡುಗನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ, ಬಾಗಿಲ ಆಚೆ ಏನು ನಡೆಯಿತು ಅಂತ ನಮಗೆ ಹೇಗೆ ಗೊತ್ತಾಗಬೇಕು?

ಆ್ಯಪಲ್‌ನವರನ್ನು ಹೊಗಳಿದ್ದೇನೆ ಅಂತ ಪೂರ್ತಿ ಒಳ್ಳೆಯವರು ಅಂದುಕೊಳ್ಳಬೇಡಿ. ರಿಪೇರಿಯವನನ್ನು ಮುಂದೆ ಕೂರಿಸಿದವರೇ ಐಫೋನ್ 4ರ ಕಾಲದಿಂದ ಐದು ದಳದ ಸ್ಕ್ರೂ ಹಾಕಿದರು, ಮಾಮೂಲಿ ಸ್ಕ್ರೂ ಡ್ರೈವರ್ ಕಚ್ಚದ ಹಾಗೆ. ನೀವೇ ರಿಪೇರಿ ಮಾಡಿಕೊಳ್ಳಿ ಅಂತ 2022ರಲ್ಲಿ ಅಮೆರಿಕದಲ್ಲಿ ಉಪಕರಣ ಬಾಡಿಗೆಗೆ ಕೊಟ್ಟರು. ಎರಡು ಪೆಟ್ಟಿಗೆ, ಸುಮಾರು 36 ಕೆ.ಜಿ. ತೂಕ. ನನ್ನ ಇಡೀ ಕಸುಬಿನ ಸಾಮಾನು ಒಂದು ಟಿಫಿನ್ ಕ್ಯಾರಿಯರಿನಲ್ಲಿ ಹಿಡಿಯುತ್ತೆ. ಐದು ದಳದ ಸ್ಕ್ರೂ ಡ್ರೈವರೂ ಅದರಲ್ಲಿದೆ, ಮಗ ತಂದಿಟ್ಟಿದ್ದಾನೆ.

ಪ್ರಶ್ನೆ: ಮೇಜು, ಚಿನ್ನ ಎಲ್ಲ ಇರಲಿ. ಮೂರು ತಿಂಗಳ ಹಿಂದೆ ಕೊಟ್ಟ ನನ್ನ ತಂದೆಯವರ ವಾಚು ಏನಾಯಿತು? (ಪಾಂಡವಪುರ)

ಕ್ಷಮಿಸಿ ಗೌಡರೇ. ವಾಚನ್ನು ಓಡಿಸುವ ಮೈನ್ ಸ್ಪ್ರಿಂಗ್ ತುಂಡಾಗಿತ್ತು, ಅದೇ ನಂಬರಿನದು ಸಿಗಲಿಲ್ಲ. ಕೊನೆಗೆ ಒಂದು ಸತ್ತ ವಾಚಿನಿಂದ ತೆಗೆದು ಹಾಕಿದ್ದೇನೆ. ನಾಲ್ಕು ದಿನದಿಂದ ಓಡುತ್ತಿದೆ, ದಿನಕ್ಕೆ ಅರ್ಧ ನಿಮಿಷ ಮುಂದೆ ಹೋಗುತ್ತೆ, ಅದನ್ನೂ ಸರಿ ಮಾಡುತ್ತೇನೆ. ಮುಚ್ಚಳದ ಒಳಗೆ ಹಿಂದೆ ರಿಪೇರಿ ಮಾಡಿದವರು 1978 ಅಂತ ಸೂಜಿಯಲ್ಲಿ ಗೀರಿದ್ದಾರೆ. ನಾನೂ ಅದರ ಕೆಳಗೆ ಈ ವರ್ಷ ಗೀರಿದ್ದೇನೆ. ಭಾನುವಾರ ರಜೆ. ಸೋಮವಾರ ಹತ್ತು ಗಂಟೆ ಮೇಲೆ ಬನ್ನಿ.